ವಲಸೆ ಕೃಷಿ ಕಾರ್ಮಿಕರ ಮಕ್ಕಳ ಬೇಸಿಗೆ ಶಿಬಿರ (ಕ್ಯಾಲಿಫೋರ್ನಿಯಾ): ಗಣಿತ ಪಾಠ, ಹಾಸ್ಟೆಲ್ ಉಸ್ತುವಾರಿ ಎರಡೂ ಇದೆ, ಏನೇನು ತಿಳಿದಿರಬೇಕು?

ಬಿಸಿಲುಕೋಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾ ಕರಾವಳಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎಫ್-1 ವೀಸಾ. ಜೂನ್ ಕೊನೆಗೆ ಶುರುವಾಗುವ ನಾಲ್ಕು ವಾರದ ವಸತಿ ಶಿಬಿರದಲ್ಲಿ ಕೆಲಸ ಸಿಕ್ಕಿದೆ. ಬರುವವರು ಬೆಳೆಯ ಹಿಂದೆ ಊರೂರು ತಿರುಗುವ ಕೃಷಿ ಕಾರ್ಮಿಕರ ಮಕ್ಕಳು, 10 ಅಥವಾ 11ನೇ ತರಗತಿ ಮುಗಿಸಿದವರು. ಬೆಳಿಗ್ಗೆ ಮೂರು ಗಂಟೆ ಗಣಿತ ಪಾಠ ನನ್ನದು, ರಾತ್ರಿ ಹತ್ತು ಹುಡುಗರ ಮಹಡಿಯ ಉಸ್ತುವಾರಿಯೂ ನನ್ನದೇ.

ಕೇಳಬೇಕಾದ್ದು: ವೀಸಾ ಮತ್ತು ಕಾಗದಪತ್ರದಲ್ಲಿ ಎಲ್ಲಿ ಎಡವುತ್ತಾರೆ? ಗಣಿತದಲ್ಲಿ ಎಲ್ಲರೂ ಒಂದೊಂದು ಕಡೆ ಇರುತ್ತಾರಂತೆ, ಪಾಠ ಎಲ್ಲಿಂದ ಹಿಡಿಯುವುದು? ನನಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ, ಅಪ್ಪ ಅಮ್ಮಂದಿರ ಜೊತೆ ವ್ಯವಹರಿಸುವುದು ಹೇಗೆ? ಹಾಸ್ಟೆಲ್‌ನಲ್ಲಿ ಕೈಕೊಡುವುದು ಏನು? ಇನ್ನೊಂದು, ನೇಮಕಾತಿ ಪತ್ರದಲ್ಲಿ "ಅನುದಾನ ಬಂದರೆ ಮಾತ್ರ" ಅಂತ ಒಂದು ಸಾಲಿದೆ. ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು?

"ಒಳ್ಳೇ ಅನುಭವ, ಹೋಗಿ ಬನ್ನಿ" ಅನ್ನುವ ಉತ್ತರ ಬೇಡ, ಅದು ನನಗೂ ಗೊತ್ತು.

---

ಮೊಹರುಗಾರ ಉತ್ತರ:

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಇಂಥ ಶಿಬಿರಗಳ ಬಹುಪಾಲು ಹಣ ಬರುವುದು ಕೇಂದ್ರ ಸರ್ಕಾರದ ವಲಸೆ ಶಿಕ್ಷಣ ಯೋಜನೆಯಿಂದ. 1966ರಿಂದ ಇರುವ ಯೋಜನೆ ಇದು. ಹಣ ರಾಜ್ಯಕ್ಕೆ, ಅಲ್ಲಿಂದ ಪ್ರದೇಶ ಕಚೇರಿ ಅಥವಾ ಶಾಲಾ ಜಿಲ್ಲೆಗೆ, ಅಲ್ಲಿಂದ ಒಪ್ಪಂದದ ಮೇಲೆ ವಿಶ್ವವಿದ್ಯಾಲಯಕ್ಕೆ. ರಾಜ್ಯಗಳಿಗೆ ಹೊಸ ವರ್ಷದ ಹಣ ಸಿಗುವ ದಿನ ಜುಲೈ 1. 2025ರಲ್ಲಿ ಆ ದಿನ ಹಣ ಬಿಡಲಿಲ್ಲ, ತಡೆಹಿಡಿದು ತಿಂಗಳ ಕೊನೆಯ ಹೊತ್ತಿಗೆ ಬಿಡುಗಡೆ ಮಾಡಿದರು. ಶಿಬಿರ ಸರಿಯಾಗಿ ಜುಲೈ ನಡುವೆ ಬೀಳುತ್ತದೆ ಅನ್ನುವುದನ್ನು ಮರೆಯಬೇಡಿ. ಆದ್ದರಿಂದ ಆ ಸಾಲು ಬರೀ ಅಲಂಕಾರಕ್ಕಲ್ಲ. ಸಂಯೋಜಕರನ್ನು ನೇರವಾಗಿ ಕೇಳಿ: ಈ ಬೇಸಿಗೆಯ ಖರ್ಚು ಹಳೇ ವರ್ಷದ ಹಣದ್ದೋ, ಹೊಸದ್ದೋ? ಹಳೆಯದಾದರೆ ನಿಶ್ಚಿಂತೆ. ಹೊಸದಾದರೆ ಒಪ್ಪಂದಕ್ಕೆ ಸಹಿ ಬೀಳುವವರೆಗೆ ನಿಮ್ಮ ಬಾಡಿಗೆ ಕೋಣೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಡಿ.

ವೀಸಾ: ಸಂಬಳದ ಚೆಕ್ ಯಾರ ಹೆಸರಿನಲ್ಲಿ ಬರುತ್ತದೆ ಅನ್ನುವುದೇ ಎಲ್ಲ. ವಿಶ್ವವಿದ್ಯಾಲಯವೇ ಕೊಟ್ಟು, ಕೆಲಸವೂ ಕ್ಯಾಂಪಸ್‌ನಲ್ಲೇ ಇದ್ದರೆ ಅದು ಆವರಣದೊಳಗಿನ ಕೆಲಸ, ಪ್ರತ್ಯೇಕ ಅನುಮತಿ ಬೇಡ. ಬೇಸಿಗೆ ರಜೆಯಾದ್ದರಿಂದ ವಾರಕ್ಕೆ 20 ಗಂಟೆಯ ಮಿತಿಯೂ ಇಲ್ಲ, ಮುಂದಿನ ಅವಧಿಗೆ ನೋಂದಾಯಿಸುವವರಾಗಿರಬೇಕು ಅಷ್ಟೆ. ಆದರೆ ಕೆಲವು ಶಿಬಿರಗಳಲ್ಲಿ ವಿಶ್ವವಿದ್ಯಾಲಯ ಬರೀ ಜಾಗ ಕೊಡುತ್ತದೆ, ಸಂಬಳ ಕೊಡುವುದು ಕೌಂಟಿಯ ಶಿಕ್ಷಣ ಕಚೇರಿ. ಆಗ ಕಥೆ ಬೇರೆ, ಸಿಪಿಟಿ (ಓದಿನ ಭಾಗವಾಗಿ ಆವರಣದ ಹೊರಗೆ ಕೆಲಸ ಮಾಡಲು ಎಫ್-1 ವಿದ್ಯಾರ್ಥಿಗೆ ಸಿಗುವ ಅನುಮತಿ) ಬೇಕಾಗಬಹುದು. ನಿಮ್ಮ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ನೇಮಕಾತಿ ಪತ್ರ ಲಗತ್ತಿಸಿ ಮಿಂಚಂಚೆ ಕಳಿಸಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. "ಸಂಬಳ ಇಲ್ಲ, ಊಟ ವಸತಿ ಮಾತ್ರ" ಅಂದರೂ ಅದು ಪ್ರತಿಫಲವೇ. ಅನುಮತಿ ಬೇಡ ಅಂದುಕೊಳ್ಳಬೇಡಿ.

ಬೆರಳಚ್ಚು: ಲೈವ್ ಸ್ಕ್ಯಾನ್ ನಮೂನೆಯನ್ನು ಉದ್ಯೋಗದಾತರೇ ಕೊಡಬೇಕು, ಅದರಲ್ಲಿ ಅವರ ಸಂಸ್ಥೆಯ ಸಂಕೇತ ಇರುತ್ತದೆ. ಬೇರೆ ಕೆಲಸಕ್ಕೆಂದು ಹಿಂದೆ ಮಾಡಿಸಿದ್ದು ಇಲ್ಲಿ ನಡೆಯದು, ಫಲಿತಾಂಶ ಕೇಳಿದ ಸಂಸ್ಥೆಗೆ ಮಾತ್ರ ಹೋಗುತ್ತದೆ. ಕ್ಷಯರೋಗದ ತಪಾಸಣೆ ಪತ್ರವನ್ನೂ ಕೇಳುತ್ತಾರೆ. ನಮ್ಮಲ್ಲಿ ಚಿಕ್ಕಂದಿನಲ್ಲಿ ಬಿಸಿಜಿ ಹಾಕಿರುವುದರಿಂದ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು. ಮೊದಲೇ ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಎಕ್ಸ್‌ರೇ ತಿರುಗಾಟ ತಪ್ಪುತ್ತದೆ. ಈ ಎರಡಕ್ಕೂ ಮೂರು ವಾರ ಕೈಯಲ್ಲಿರಲಿ.

ಕೊನೆಯದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕೆಲಸಕ್ಕೆ ಸೇರಿದರೆ ಮಕ್ಕಳ ಮೇಲಿನ ದೌರ್ಜನ್ಯದ ಅನುಮಾನ ಬಂದಾಗ ವರದಿ ಮಾಡುವ ಕಾನೂನುಬದ್ಧ ಹೊಣೆ ನಿಮ್ಮ ಹೆಗಲಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ತಕ್ಷಣ ಫೋನ್, 36 ಗಂಟೆಯೊಳಗೆ ಲಿಖಿತ ವರದಿ. ಮೇಲಿನವರಿಗೆ ಹೇಳಿದೆ ಅಂದರೆ ಮುಗಿಯಲಿಲ್ಲ, ವರದಿ ನೀವೇ ಕೊಡಬೇಕು. ಹಾಗಾಗಿ ಯಾವ ಹುಡುಗನಿಗೂ "ಯಾರಿಗೂ ಹೇಳಲ್ಲ, ಹೇಳು" ಅಂತ ಮಾತು ಕೊಡಬೇಡಿ.

---

ಭೀಮಾತೀರದವ ಉತ್ತರ:

ಅಪ್ಪ ಅಮ್ಮಂದಿರ ಬಗ್ಗೆ ನಾ ಹೇಳ್ತೀನಿ. ಯಾದಗಿರಿ, ರಾಯಚೂರು ಕಡಿಂದ ಗುಳೆ ಹೋಗೋ ಮನಿ ನೋಡಿದವರಿಗೆ ಅರ್ಧ ತಿಳೀತದ, ಉಳಿದ ಅರ್ಧ ಬ್ಯಾರೆ ಅದ.

ಮೊದಲ, ಈ ಮಕ್ಕಳು ಯಾರು ಅಂತ ಗಟ್ಟಿ ಮಾಡಿಕೊಳ್ರಿ. ಯೋಜನಾಕ್ಕ 3ರಿಂದ 21 ವಯಸ್ಸಿನವರು, ಹೋದ 36 ತಿಂಗಳೊಳಗ ಹೊಲದ್ದೋ ಮೀನುಗಾರಿಕೀದೋ ಹಂಗಾಮಿ ಕೆಲಸಕ್ಕಂತ ಶಾಲಾ ಜಿಲ್ಲೆ ದಾಟಿ ಬಂದ ಮನಿಯವರು, ಇಲ್ಲಾ ತಾವಾ ದುಡಿಯೋರು. ಭಾಳ ಮಂದಿ ಇಲ್ಲೇ ಹುಟ್ಟಿದವರು. "ಯಾವ ದೇಶದಿಂದ ಬಂದ್ಯೋ" ಅಂತ ಮೊದಲನೇ ದಿನಾನ ಕೇಳಬ್ಯಾಡ್ರಿ. ಮನಿಯವರ ಕಾಗದಾ ಅದಾವೋ ಇಲ್ಲೋ ಅಂತಂತೂ ಎಂದೂ ಕೇಳಬ್ಯಾಡ್ರಿ. ಯೋಜನಾದವರೂ ಕೇಳಂಗಿಲ್ಲ.

ಸ್ಪ್ಯಾನಿಷ್ ಬರಂಗಿಲ್ಲ ಅಂದ್ರಿ. ಬಂದ್ರೂ ಎಲ್ಲಾರಿಗೂ ಸಾಕಾಗಂಗಿಲ್ಲ. ಓಹಾಕಾ ಕಡೆಯವರ ಮನ್ಯಾಗ ಮಿಶ್ತೆಕೋ, ತ್ರಿಕಿ, ಸಪೊತೆಕೋ ಮಾತಾಡ್ತಾರ, ಮಿಚೊಆಕಾನಿನವರು ಪುರೆಪೆಚಾ. ಕೆಲವು ತಾಯಂದಿರಿಗೆ ಸ್ಪ್ಯಾನಿಷ್ ನಮಗ ಹಿಂದಿ ಇದ್ದಂಗ. ದುಭಾಷಿ ಕೇಳೋವಾಗ "ಮಿಶ್ತೆಕೋ" ಅಂದಷ್ಟ ಸಾಲದು, ಊರು ಯಾವುದು ಅಂತ ಹೇಳ್ರಿ, ಊರಿಂದ ಊರಿಗೆ ಮಾತು ತಿಳೀದಷ್ಟು ಬದಲಾಗ್ತದ. ಹುಡುಗನ್ನ ದುಭಾಷಿ ಮಾಡಬ್ಯಾಡ್ರಿ, ಅವನ ಬಗ್ಗೇನ ಮಾತಿದ್ದಾಗಂತೂ ಬ್ಯಾಡೇ ಬ್ಯಾಡ. ಪತ್ರ ಕಳಸೋದಕ್ಕಿಂತ ವಾಟ್ಸ್ಯಾಪಿನಾಗ ಒಂದು ನಿಮಿಷದ ದನಿ ಸಂದೇಶ ಕಳಸ್ರಿ, ಓದಾಕ ಬರದವರಿಗೂ ಮುಟ್ಟತದ.

ಹೊತ್ತು ನೋಡಿ ಫೋನ್ ಮಾಡ್ರಿ. ಬಿಸಲಿನ ದಿನದಾಗ ಹೊಲದ ಕೆಲಸ ನಸಿಕಿನ್ಯಾಗ 5-6ಕ್ಕ ಸುರು ಆಗ್ತದ, ರಾತ್ರಿ 9ಕ್ಕ ಮಲಗಿರ್ತಾರ. ಸಂಜೀ 5ರಿಂದ 7:30 ಛೊಲೋ ಹೊತ್ತು. ರಾತ್ರಿ 10ಕ್ಕ ಶಿಬಿರದ ನಂಬರಿಂದ ಫೋನ್ ಬಂತಂದ್ರ ಎದಿ ಒಡದಂಗ ಆಗ್ತದ ಅವರಿಗೆ.

ಮಗಳನ್ನ ಕಳಸೋದಕ್ಕ ಹಿಂದ ಮುಂದ ನೋಡ್ತಾರ. ಅವರು ಕೇಳೋದು ನಾಕ ಮಾತು: ಬಾಜೂ ಖೋಲ್ಯಾಗ ಯಾರು, ರಾತ್ರಿ ಬಾಗಲಾ ಯಾರು ನೋಡ್ತಾರ, ಜಡ್ಡಾದ್ರ ದವಾಖಾನಿಗೆ ಯಾರು ಒಯ್ತಾರ, ಮನೀಗೆ ಹೆಂಗ ತಂದು ಬಿಡ್ತೀರಿ. ಓದಿನ ಮಹತ್ವದ ಮ್ಯಾಲೆ ಭಾಷಣ ಮಾಡಬ್ಯಾಡ್ರಿ, ಅದು ಅವರಿಗೆ ನಮಗಿಂತ ಚೆಂದ ಗೊತ್ತದ. ಬರೋ ದಿನ ಮನಿ ಮಂದೀನ್ನೆಲ್ಲಾ ಖೋಲಿ ತನಕಾ ಕರ್ಕೊಂಡು ಹೋಗಿ ತೋರಸ್ರಿ, ಊಟದ ಮನ್ಯಾಗ ಒಂದು ಹೊತ್ತು ಉಣಸ್ರಿ. ಎರಡನೇ ರವಿವಾರ ಭೇಟಿ ಇಡಸ್ರಿ.

ರೊಕ್ಕದ ಮಾತೂ ಅದ. ನಾಕ ವಾರ, ವಾರಕ್ಕ 40 ತಾಸು, 2025ರ ರಾಜ್ಯದ ಕನಿಷ್ಠ ಕೂಲಿ ತಾಸಿಗೆ 16.50 ಡಾಲರ್. 2,640 ಡಾಲರ್ ಆತು. ದುಡಿಯೋ ಹುಡುಗ ಶಿಬಿರಕ್ಕ ಬಂದ ಅಂದ್ರ ಮನಿ ಅಷ್ಟು ಬಿಟ್ಟುಕೊಟ್ಟಂಗ. ಹುಡುಗಿ ಆಗಿದ್ರ ಸಣ್ಣ ತಮ್ಮ ತಂಗೀನ್ನ ನೋಡಕೊಳ್ಳೋರು ಯಾರು ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ. ಎರಡನೇ ವಾರದಾಗ ಒಬ್ಬ ಹುಡುಗ ಮನೀಗೆ ಹೋಗ್ತೀನಿ ಅಂದ್ರ "ಮನಿ ನೆನಪು" ಅಂತ ಬರಕೋಬ್ಯಾಡ್ರಿ, ಮೊದಲ ಇದನ್ನ ಕೇಳ್ರಿ.

ಮತ್ತ ಎಲ್ಲಾರೂ ಮರೆಯೋದು ಒಂದದ. ಜೂನ್-ಜುಲೈನ್ಯಾಗ ವಾಶಿಂಗ್ಟನ್ ರಾಜ್ಯದಾಗ ಚೆರ್ರಿ ಹಂಗಾಮು. ಮಗನ್ನ ಇಲ್ಲಿ ಬಿಟ್ಟು ಮನಿಯವರು ಉತ್ತರಕ್ಕ ಹೋಗಿರ್ತಾರ. ಶಿಬಿರ ಮುಗದ ದಿನ ಬಸ್ಸು ಹಳೇ ವಿಳಾಸಕ್ಕ ಹೋಗಿ ನಿಂತ್ರ ಅಲ್ಲಿ ಕೀಲಿ. "ಮುಗದ ದಿನ ಎಲ್ಲಿ ಇರ್ತೀರಿ, ಕರ್ಕೊಳ್ಳೋರು ಯಾರು, ಅವರ ಗುರುತಿನ ಚೀಟಿ ಯಾವುದು" ಅಂತ ಮೊದಲನೇ ವಾರಾನ ಬರಸಿಕೊಳ್ರಿ, ಮೂರನೇ ವಾರ ಇನ್ನೊಮ್ಮೆ ಕೇಳ್ರಿ.

---

ಸೊನ್ನೆ_ಸುತ್ತು ಉತ್ತರ:

ಗಣಿತಕ್ಕೆ ಬರುತ್ತೇನೆ. "ಮಟ್ಟ" ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ಇವರಲ್ಲಿ ಹಿಂದುಳಿದಿರುವುದಕ್ಕಿಂತ ನಡುನಡುವೆ ತೂತು ಬಿದ್ದಿರುವುದು ಹೆಚ್ಚು. ಅದಕ್ಕೆ ಕಾರಣ ಪಠ್ಯಕ್ರಮದ ಜೋಡಣೆ. ಕ್ಯಾಲಿಫೋರ್ನಿಯಾದ ಕೆಲವು ಜಿಲ್ಲೆಗಳಲ್ಲಿ ಬೀಜಗಣಿತ 1, ರೇಖಾಗಣಿತ, ಬೀಜಗಣಿತ 2 ಅನ್ನುವ ಹಳೇ ದಾರಿ. ಇನ್ನು ಕೆಲವು ಕಡೆ ಬೀಜಗಣಿತ, ರೇಖಾಗಣಿತ ಬೆರೆಸಿ ಕಲಿಸುವ ಸಂಯೋಜಿತ ಗಣಿತ 1, 2, 3. ವರ್ಗ ಸಮೀಕರಣ ಹಳೇ ದಾರಿಯಲ್ಲಿ ಮೊದಲ ವರ್ಷವೇ ಬರುತ್ತದೆ, ಸಂಯೋಜಿತದಲ್ಲಿ ಎರಡನೇ ವರ್ಷ. ಸಂಯೋಜಿತ 1 ಮುಗಿಸಿದ ಹುಡುಗಿ ಊರು ಬದಲಾಯಿಸಿ ರೇಖಾಗಣಿತಕ್ಕೆ ಕೂತರೆ, ಬೀಜಗಣಿತ 2 ತಲುಪುವವರೆಗೆ ವರ್ಗ ಸಮೀಕರಣದ ಮುಖವನ್ನೇ ನೋಡಿರುವುದಿಲ್ಲ, ಅಲ್ಲಿ ಮೇಷ್ಟ್ರು ಅದು ಬರುತ್ತದೆ ಅಂದುಕೊಂಡೇ ಶುರು ಮಾಡುತ್ತಾರೆ. ತಿರುಗಿಸಿ ನೋಡಿ: ಬೀಜಗಣಿತ 1 ಮುಗಿಸಿ ಸಂಯೋಜಿತ 2ಕ್ಕೆ ಬಂದವನಿಗೆ ಸರ್ವಸಮತೆ, ರಚನೆಗಳು ತಪ್ಪಿಹೋಗಿವೆ, ಆದರೆ ವರ್ಗ ಸಮೀಕರಣವನ್ನು ಎರಡನೇ ಸಲ ಕೇಳಿ ಆಕಳಿಸುತ್ತಾನೆ.

ಮೊದಲ ದಿನ ಅಂಕ ಹಾಕದ ಒಂದು ಪರೀಕ್ಷೆ ಕೊಡಿ. 24 ಪ್ರಶ್ನೆ, 50 ನಿಮಿಷ, ಕ್ಯಾಲ್ಕುಲೇಟರ್ ಬೇಡ. ಭಿನ್ನರಾಶಿ ಮತ್ತು ಋಣಸಂಖ್ಯೆಗೆ ಆರು, ಅನುಪಾತಕ್ಕೆ ನಾಲ್ಕು, ಸರಳ ಸಮೀಕರಣ ಮತ್ತು ಇಳಿಜಾರಿಗೆ ಆರು, ವರ್ಗ ಸಮೀಕರಣಕ್ಕೆ ನಾಲ್ಕು, ರೇಖಾಗಣಿತಕ್ಕೆ ನಾಲ್ಕು. ಒಟ್ಟು ಅಂಕ ಕೂಡಿಸಬೇಡಿ, ಅದರಿಂದ ಏನೂ ತಿಳಿಯದು. ಗುಂಪು ಗುಂಪಾಗಿ ಯಾವ ಗುಂಪಿನಲ್ಲಿ ಖಾಲಿ ಬಿಟ್ಟಿದ್ದಾರೆ, ಎಲ್ಲಿ ಬರೆದು ತಪ್ಪಿದ್ದಾರೆ ಅಂತ ಬೇರೆ ಬೇರೆ ಗುರುತು ಹಾಕಿ. ಖಾಲಿ ಬಿಟ್ಟದ್ದು ಸಾಮಾನ್ಯವಾಗಿ ಪಾಠವೇ ಆಗದ್ದು. ಬರೆದು ತಪ್ಪಿದ್ದು ಪಾಠ ಆಗಿ ಕೆಟ್ಟದ್ದು, ಅದಕ್ಕೆ ಹೆಚ್ಚು ಸಮಯ ಬೇಕು.

ನಮ್ಮವರು ಎಡವುವ ಜಾಗಗಳಿವೆ. ನಾವು "ಮೂರು ಇಂಟು ನಾಲ್ಕು" ಅಂದರೆ ಗುಣಾಕಾರ. ಅಮೆರಿಕದ ಮಕ್ಕಳಿಗೆ "ತ್ರೀ ಇಂಟು ಟ್ವೆಲ್ವ್" ಅಂದರೆ ಭಾಗಾಕಾರ. "ಟೈಮ್ಸ್" ಅನ್ನಿ. "ತ್ರೀ ಬೈ ಫೋರ್" ಅಂದರೆ ಅವರಿಗೆ ಉದ್ದ ಅಗಲದ ಅಳತೆ, ಮುಕ್ಕಾಲು ಅಲ್ಲ, "ತ್ರೀ ಓವರ್ ಫೋರ್" ಅನ್ನಿ. ಲಕ್ಷದ ಅಲ್ಪವಿರಾಮ ಬೋರ್ಡ್ ಮೇಲೆ ಹಾಕಬೇಡಿ. ಇನ್ನು ಮೆಕ್ಸಿಕೋದಲ್ಲಿ ಪ್ರಾಥಮಿಕ ಶಾಲೆ ಓದಿದ ಮಕ್ಕಳು ಉದ್ದ ಭಾಗಾಕಾರದಲ್ಲಿ ಗುಣಲಬ್ಧ ಬರೆದು ಕಳೆಯುವುದಿಲ್ಲ, ಮನಸ್ಸಿನಲ್ಲೇ ಕಳೆದು ಶೇಷ ಮಾತ್ರ ಇಳಿಸುತ್ತಾರೆ. "ಹಂತ ತೋರಿಸಿಲ್ಲ" ಅಂತ ಅದಕ್ಕೆ ಕೆಂಪು ಗೀಟು ಹಾಕಿದರೆ ಸರಿಯಾಗಿ ಲೆಕ್ಕ ಮಾಡುವವನ ಧೈರ್ಯ ಕಳೆದಂತೆ.

ಹೊಲದ ಲೆಕ್ಕ ಕೊಡಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಕೊಡಿ, ಆದರೆ ವಾರಕ್ಕೆ ಒಂದೋ ಎರಡೋ, ಮತ್ತು ಸರಿಯಾಗಿ ಕೊಡಿ. ಸ್ಟ್ರಾಬೆರಿ ಟ್ರೇ ಅಂದರೆ ಒಂದು ಪೌಂಡಿನ ಎಂಟು ಡಬ್ಬಿ. ಲೆಟ್ಯೂಸ್ ಪೆಟ್ಟಿಗೆಗೆ ಸಾಮಾನ್ಯವಾಗಿ 24 ಗಡ್ಡೆ. ಗಂಟೆಯ ಕೂಲಿ ಜೊತೆಗೆ ಪೆಟ್ಟಿಗೆಗಿಷ್ಟು ಅನ್ನುವುದು ಸರಳ ಸಮೀಕರಣಕ್ಕೆ ಹೇಳಿ ಮಾಡಿಸಿದ ಉದಾಹರಣೆ: ಅಡ್ಡಗೆರೆಯಲ್ಲಿ ಪೆಟ್ಟಿಗೆ, ನಿಲುವುಗೆರೆಯಲ್ಲಿ ದಿನದ ದುಡ್ಡು, ಗೆರೆ ನಿಲುವುಗೆರೆಯನ್ನು ಮುಟ್ಟುವಲ್ಲಿ ಖಾತ್ರಿ ಕೂಲಿ. ಆದರೆ ದರವನ್ನು ನೀವೇ ಊಹಿಸಿ ಬರೆದರೆ ಹತ್ತು ಜನ ಒಟ್ಟಿಗೆ ನಗುತ್ತಾರೆ. ಅವರನ್ನೇ ಕೇಳಿ ಬರೆಯಿರಿ. ದಿನಾ ಅದನ್ನೇ ಕೊಟ್ಟರೆ ಮುಖ ಗಂಟಿಕ್ಕುತ್ತಾರೆ. ಹೊಲ ಬಿಟ್ಟು ನಾಲ್ಕು ವಾರ ಬಂದವರಿಗೆ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಹೊಲವೇ ಯಾಕೆ?

---

ಮೊಹರುಗಾರ:

ಸೊನ್ನೆ_ಸುತ್ತು ಅವರೇ, ಹೊಲದ ಲೆಕ್ಕದ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಮಾತು. ಕೂಲಿ ಚೀಟಿ ಓದುವ ಒಂದು ತರಗತಿ ಇರಲೇಬೇಕು. ಪೆಟ್ಟಿಗೆ ಲೆಕ್ಕದ ಗಳಿಕೆ ಆ ಗಂಟೆಗಳ ಕನಿಷ್ಠ ಕೂಲಿಗಿಂತ ಕಡಿಮೆ ಬಂದರೆ ಮಾಲೀಕರು ತುಂಬಿಕೊಡಬೇಕು, ವಿಶ್ರಾಂತಿಯ ಹೊತ್ತಿಗೆ ಪ್ರತ್ಯೇಕ ಕೂಲಿ ಇದೆ. ಇದು ಲೆಕ್ಕ ಗೊತ್ತಿದ್ದರೆ ಮಾತ್ರ ಹಿಡಿಯಲಿಕ್ಕಾಗುವ ವಿಷಯ.

---

ಸೊನ್ನೆ_ಸುತ್ತು:

ಒಪ್ಪಿದೆ. ಅದಕ್ಕೊಂದು ದಿನ ಇಡಿ. ಆದರೆ ನಿಜವಾದ ಚೀಟಿ ತರಲು ಹೇಳಬೇಡಿ, ಹೆಸರು ನಂಬರು ಎಲ್ಲ ಇರುತ್ತದೆ. ಮಾದರಿ ಚೀಟಿ ಮಾಡಿಕೊಳ್ಳಿ.

---

ಅಂಕಪಟ್ಟಿ ಉತ್ತರ:

ಇಲ್ಲಿಯವರೆಗೆ ಯಾರೂ ಕ್ರೆಡಿಟ್ (ಕೋರ್ಸು ಮುಗಿಸಿದ್ದಕ್ಕೆ ಶಾಲೆ ಕೊಡುವ, ಡಿಪ್ಲೊಮಾಕ್ಕೆ ಎಣಿಸುವ ಅಂಕ) ಬಗ್ಗೆ ಹೇಳಲಿಲ್ಲ. ನನ್ನ ಪ್ರಕಾರ ಶಿಬಿರ ಎಷ್ಟೇ ಚೆನ್ನಾಗಿ ನಡೆಯಲಿ, ಹುಡುಗನ ಅಂಕಪಟ್ಟಿಯಲ್ಲಿ ಒಂದು ಸಾಲು ಏರದಿದ್ದರೆ ಕೆಲಸ ಅರ್ಧವೇ. ನಿಮ್ಮ ಗಣಿತ ತರಗತಿ ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ, ನಾಲ್ಕು ವಾರ ಅಂದರೆ 60 ಗಂಟೆ. ಬೇಸಿಗೆ ತರಗತಿಗೆ ಅನೇಕ ಜಿಲ್ಲೆಗಳು 5 ಕ್ರೆಡಿಟ್ ಕೊಡುವುದು ಅಷ್ಟಕ್ಕೇ. ಅಂದರೆ ಜುಲೈ 4ರ ರಜೆಯನ್ನೋ, ಪ್ರವಾಸದ ಒಂದು ಬೆಳಗನ್ನೋ ಲೆಕ್ಕಕ್ಕೆ ತರದೆ ವೇಳಾಪಟ್ಟಿ ಹಾಕಿದ್ದರೆ ಗಂಟೆ ಕಡಿಮೆ ಬೀಳುತ್ತದೆ, ಇಡೀ ಗುಂಪಿನ ಕ್ರೆಡಿಟ್ ತೂಗಾಡುತ್ತದೆ. ಹಾಜರಿ ಪುಸ್ತಕವನ್ನು ದಿನದ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ ಇಡಿ. ಕ್ರೆಡಿಟ್ ಕೊಡುವುದು ಹುಡುಗನ ಸ್ವಂತ ಪ್ರೌಢಶಾಲೆ, ಅದರ ಕೌನ್ಸೆಲರ್ ಶಿಬಿರಕ್ಕೆ ಮೊದಲೇ ಸಹಿ ಮಾಡಿದ ಒಪ್ಪಿಗೆ ಬೇಕು. ಆಗಸ್ಟ್‌ನಲ್ಲಿ ಕೇಳಿದರೆ "ನಮಗೆ ಗೊತ್ತಿರಲಿಲ್ಲ" ಅನ್ನುತ್ತಾರೆ.

ಅದೇ ತರಗತಿ ಕಾಲೇಜು ಕೋರ್ಸಾಗಿ ನೋಂದಣಿಯಾಗಿದ್ದರೆ ಇನ್ನೂ ಲಾಭ. ವರ್ಗಾವಣೆಗೆ ಒಪ್ಪುವ 3 ಸೆಮಿಸ್ಟರ್ ಯೂನಿಟ್ ಅಥವಾ 4 ಕ್ವಾರ್ಟರ್ ಯೂನಿಟ್‌ನ ಕಾಲೇಜು ಕೋರ್ಸನ್ನು ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತನ್ನ ಪ್ರವೇಶಕ್ಕೆ ಪ್ರೌಢಶಾಲೆಯ ಒಂದು ಪೂರ್ತಿ ವರ್ಷವೆಂದು ಎಣಿಸುತ್ತದೆ.

ಈಗ ಹಳೇ ಅಂಕಪಟ್ಟಿಗಳ ಗೋಜಲು. ಸಲೀನಾಸ್ ಲೆಟ್ಯೂಸ್ ಕೆಲಸ ನವೆಂಬರ್ ಹೊತ್ತಿಗೆ ಅರಿಜೋನಾದ ಯೂಮಾಕ್ಕೆ ಹೋಗುತ್ತದೆ, ವಸಂತಕ್ಕೆ ಹಿಂತಿರುಗುತ್ತದೆ. ಮೊದಲ ಸೆಮಿಸ್ಟರ್ ಮುಗಿಯುವ ಮುನ್ನವೇ ಹುಡುಗ ಹೊರಟಿರುತ್ತಾನೆ. ಅಲ್ಲಿ ಒಂದು ವರ್ಷದ ಕೋರ್ಸು 1 ಕ್ರೆಡಿಟ್, ಇಲ್ಲಿ 10. ಅರಿಜೋನಾದ 0.5 ಅನ್ನು ಇಲ್ಲಿ ಹಾಗೇ 0.5 ಎಂದು ಏರಿಸಿಬಿಟ್ಟರೆ 4.5 ಕ್ರೆಡಿಟ್ ಹೋದಂತೆ. ಇಂಥದ್ದು ಕಣ್ಣಿಗೆ ಬೀಳುವುದು ಎರಡೂ ರಾಜ್ಯದ ಹಾಳೆಯನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ. ರಾಜ್ಯಗಳ ನಡುವೆ ದಾಖಲೆ ಹಂಚುವ ಎಂಸಿಕ್ಸ್ ಅನ್ನುವ ವ್ಯವಸ್ಥೆ ಇದೆ, ವಲಸೆ ಯೋಜನೆಯ ಸಿಬ್ಬಂದಿಗೆ ಅದರ ಪ್ರವೇಶ ಇರುತ್ತದೆ. ಮೊದಲ ವಾರವೇ ಪ್ರತಿ ಹುಡುಗನ ದಾಖಲೆ ಮುದ್ರಿಸಿ ತರಿಸಿಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ 2018ರ ಒಂದು ಕಾನೂನಿನಿಂದ ವಲಸೆ ವಿದ್ಯಾರ್ಥಿಗಳಿಗೆ ಎರಡು ಹಕ್ಕು ಸಿಕ್ಕಿವೆ. ನಡುವೆ ಬಿಟ್ಟ ಕೋರ್ಸಿಗೂ ಓದಿದಷ್ಟಕ್ಕೆ ಭಾಗಶಃ ಕ್ರೆಡಿಟ್ ಕೊಡಬೇಕು. ಪ್ರೌಢಶಾಲೆಯ ಎರಡನೇ ವರ್ಷ ಮುಗಿದ ಮೇಲೆ ಶಾಲೆ ಬದಲಾಗಿ, ನಾಲ್ಕು ವರ್ಷದಲ್ಲಿ ಮುಗಿಸುವುದು ಕಷ್ಟ ಅಂತಾದರೆ ಜಿಲ್ಲೆಯ ಹೆಚ್ಚುವರಿ ಷರತ್ತುಗಳಿಂದ ವಿನಾಯಿತಿ, ರಾಜ್ಯದ ಕನಿಷ್ಠ ಪೂರೈಸಿದರೆ ಸಾಕು. ಆದರೆ ಎಚ್ಚರ. ವಿನಾಯಿತಿಯಿಂದ ಡಿಪ್ಲೊಮಾ ಸಿಗುತ್ತದೆ, ಯುಸಿ ಅಥವಾ ರಾಜ್ಯ ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಎ-ಜಿ ಎಂಬ ಪಟ್ಟಿಯ 15 ವಾರ್ಷಿಕ ಕೋರ್ಸು ಬೇಕು, ಸಿ ಅಥವಾ ಮೇಲಿನ ದರ್ಜೆಯಲ್ಲಿ: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇನ್ನೊಂದು ಭಾಷೆ 2, ಕಲೆ 1, ಐಚ್ಛಿಕ 1. ವಿನಾಯಿತಿ ತೆಗೆದುಕೊಂಡು ಆಮೇಲೆ ಯುಸಿಗೆ ಅರ್ಜಿ ಹಾಕಹೊರಟವರಿಗೆ ಕಲೆಯದ್ದೋ ಮೂರನೇ ಗಣಿತದ್ದೋ ಕೊರತೆ ಕಾಣಿಸುತ್ತದೆ.

ಎರಡು ಉಳಿತಾಯದ ದಾರಿ ಹೇಳುತ್ತೇನೆ, ಬಹಳ ಕೌನ್ಸೆಲರ್‌ಗಳೂ ಮರೆಯುತ್ತಾರೆ. ಬೀಜಗಣಿತ 1ರಲ್ಲಿ ಡಿ ಬಂದವನು ಬೀಜಗಣಿತ 2ರಲ್ಲಿ ಸಿ ತೆಗೆದರೆ ಹಳೆಯದು ತಾನಾಗಿ ಮಾನ್ಯ, ಮತ್ತೆ ಕೂರಬೇಕಿಲ್ಲ. ಮೆಕ್ಸಿಕೋದಲ್ಲಿ ಆರನೇ ತರಗತಿ ಅಥವಾ ಮೇಲೆ ಎರಡು ವರ್ಷ ಸ್ಪ್ಯಾನಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಇದ್ದರೆ ಭಾಷೆಯ ಷರತ್ತು ಪೂರೈಸಿದಂತೆ. ಇವೆರಡರಿಂದ ವೇಳಾಪಟ್ಟಿಯಲ್ಲಿ ಖಾಲಿಯಾದ ಜಾಗಕ್ಕೆ ಕಲೆಯ ಕೋರ್ಸು ಹಾಕಬಹುದು.

---

ಕರೆಗಂಟೆ ಉತ್ತರ:

ಹಾಸ್ಟೆಲ್ ನನ್ನ ಪಾಲಿಗೆ ಉಳಿದಂತಿದೆ.

ಹಾಸಿಗೆ ಟ್ವಿನ್ ಎಕ್ಸ್‌ಎಲ್, 38 ಇಂಚು ಅಗಲ, 80 ಇಂಚು ಉದ್ದ. ಮನೆಯಿಂದ ತರುವ ಸಾಮಾನ್ಯ ಟ್ವಿನ್ ಹೊದಿಕೆ ಐದು ಇಂಚು ಕಡಿಮೆ ಬೀಳುತ್ತದೆ, ರಾತ್ರಿಯಿಡೀ ಮೂಲೆ ಕಿತ್ತು ಬರುತ್ತದೆ. ಶಿಬಿರವೇ ಹೊದಿಕೆ, ದಿಂಬು, ಕಂಬಳಿ ಕೊಡಲಿ. ಫ್ರೆಸ್ನೋ ಕಡೆಯ 40 ಡಿಗ್ರಿಯಿಂದ ಬರುವ ಮಕ್ಕಳು ಕರಾವಳಿಯ ಜುಲೈ ಸಂಜೆಗೆ ಜಾಕೆಟ್ ತಂದಿರುವುದಿಲ್ಲ. ಸಾಮಾನಿನ ಪಟ್ಟಿಯಲ್ಲಿ ಮೊದಲ ಸಾಲೇ ಅದಾಗಿರಲಿ, ಮೇಲೊಂದು ಹತ್ತು ಸ್ವೆಟರ್ ಕಚೇರಿಯಲ್ಲಿ ಇಟ್ಟಿರಿ, ಯಾರಿಗೆ ಕೊಟ್ಟಿರಿ ಅಂತ ಪಟ್ಟಿ ಬರೆಯದೆ.

ಊಟದ ಮನೆ 5:30ಕ್ಕೆ ರಾತ್ರಿಯೂಟ ಹಾಕುತ್ತದೆ, ಹುಡುಗರು ಮಲಗುವುದು 11ಕ್ಕೆ. 9:30ಕ್ಕೆ ಹಸಿವು ಶುರು, ಅಲ್ಲಿಂದ ಮೈಕ್ರೋವೇವ್, ಅಲ್ಲಿಂದ ಸುಟ್ಟ ಪಾಪ್‌ಕಾರ್ನ್, ಅಲ್ಲಿಂದ ಬೆಂಕಿ ಗಂಟೆ, ಇಡೀ ಕಟ್ಟಡ ರಸ್ತೆಯಲ್ಲಿ. 9ಕ್ಕೆ ಹಣ್ಣು, ಬ್ರೆಡ್ಡು, ಹಾಲು, ಬೀನ್ಸ್ ಮತ್ತು ತೊರ್ತೀಯಾ ಇಟ್ಟುಬಿಡಿ, ಗಲಾಟೆ ಮುಕ್ಕಾಲು ಕಡಿಮೆ. ಬಟ್ಟೆ ಒಗೆಯುವ ಯಂತ್ರಕ್ಕೆ ನಾಣ್ಯ ಬೇಕೋ ಕಾರ್ಡ್ ಬೇಕೋ ಅಂತ ಮೊದಲೇ ನೋಡಿ, ಹಣ ಶಿಬಿರದಿಂದಲೇ ತುಂಬಿಸಿ. ಕೀಲಿ ಕಾರ್ಡ್ ಕಳೆದರೆ ದಂಡ ಹಾಕುವ ಹಾಸ್ಟೆಲ್‌ಗಳಿವೆ. ಆ ದಂಡ ಮಕ್ಕಳ ತಲೆಗೆ ಬರದಂತೆ ಸಂಯೋಜಕರು ಮೊದಲೇ ಮಾತಾಡಿರಬೇಕು, ಯಾಕೆಂದರೆ ದಂಡಕ್ಕೆ ಹೆದರಿ ಹುಡುಗ ಕಾರ್ಡ್ ಕಳೆದದ್ದನ್ನೇ ಹೇಳದೆ ಬಾಗಿಲಿಗೆ ಕಾಗದ ಸಿಕ್ಕಿಸಿ ತೆರೆದಿಡುತ್ತಾನೆ.

15ರಿಂದ 18 ವಯಸ್ಸಿನವರಿಗೆ ಅಮೆರಿಕದ ಶಿಬಿರ ಸಂಘದ ಅನುಪಾತ ಹತ್ತು ಜನಕ್ಕೆ ಒಬ್ಬರು. ನಿಮಗೆ ಹತ್ತು ಅಂದರೆ ಸರಿಯಾಗಿ ಅಂಚಿನಲ್ಲಿದ್ದೀರಿ. ಒಬ್ಬನನ್ನು ಆಸ್ಪತ್ರೆಗೆ ಕರೆದೊಯ್ದರೆ ಉಳಿದ ಒಂಬತ್ತು ಜನಕ್ಕೆ ಯಾರು? ಇದರ ಉತ್ತರ ಹೆಸರು ಸಮೇತ ಮೊದಲ ರಾತ್ರಿಯೇ ಗೋಡೆ ಮೇಲೆ ಇರಬೇಕು. ಮಾತ್ರೆ, ಇನ್ಹೇಲರ್ ಎಲ್ಲ ಬೀಗದ ಪೆಟ್ಟಿಗೆಯಲ್ಲಿ, ಆದರೆ ಆಸ್ತಮಾದ ತುರ್ತು ಇನ್ಹೇಲರ್ ಹುಡುಗನ ಜೇಬಿನಲ್ಲೇ. ಹೊಲದ ಧೂಳಿನ ಊರುಗಳಿಂದ ಬರುವವರಲ್ಲಿ ಆಸ್ತಮಾ ಇದ್ದೂ ನಮೂನೆಯಲ್ಲಿ ಬರೆಯದವರು ಇರುತ್ತಾರೆ, ಓಡುವ ಆಟಕ್ಕೆ ಮುನ್ನ ಬಾಯಿ ಬಿಟ್ಟು ಕೇಳಿ.

ಹಗಲು ಮೂರು ಗಂಟೆ ಪಾಠ ಮಾಡಿ ರಾತ್ರಿ ಕಾವಲೂ ನಿಮ್ಮದೇ ಅನ್ನುವ ಏರ್ಪಾಡು ನನಗೆ ಹಿಡಿಸಲಿಲ್ಲ. ಎರಡನೇ ವಾರಕ್ಕೇ ಕಣ್ಣು ಕೆಂಪಾಗುತ್ತದೆ. ವಾರಕ್ಕೆ ಒಂದು ಪೂರ್ತಿ ರಾತ್ರಿ ಬಿಡುವು ಲಿಖಿತವಾಗಿ ಕೇಳಿ ಪಡೆಯಿರಿ.

---

ಬಿಸಿಲುಕೋಲು:

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಇನ್ನು ಮೂರು ಪ್ರಶ್ನೆ. ರಾತ್ರಿ 10ಕ್ಕೆ ಫೋನ್ ಇಸಿದುಕೊಳ್ಳಬೇಕು ಅನ್ನುವ ನಿಯಮ ಇದೆ, ಸರಿಯಾ? ಮೂರನೇ ಶನಿವಾರ ಸ್ಯಾನ್ ಡಿಯಾಗೋ ಪ್ರವಾಸ ಯೋಚಿಸಿದ್ದಾರೆ. ಮತ್ತೆ ಮಧ್ಯಾಹ್ನದ ಬರವಣಿಗೆ ತರಗತಿಗೆ ನಾನು ಸಹಾಯಕ, ಮಕ್ಕಳು ತಮ್ಮ ಬದುಕಿನ ಬಗ್ಗೆ ಬರೆಯುತ್ತಾರಂತೆ.

---

ಕರೆಗಂಟೆ:

ಫೋನ್: ಇಸಿದುಕೊಳ್ಳಬೇಡಿ ಅಂತ ನಿರ್ದೇಶಕರಿಗೆ ಹೇಳಿ ನೋಡಿ. ಮನೆಯಲ್ಲಿ ಯಾರನ್ನಾದರೂ ವಲಸೆ ಅಧಿಕಾರಿಗಳು ಹಿಡಿದೊಯ್ದರೆ, ಯಾರಿಗಾದರೂ ಹೊಲದಲ್ಲಿ ಏಟಾದರೆ ಸುದ್ದಿ ಬರುವುದು ಆ ಫೋನಿಗೆ. ನಿದ್ದೆಯ ಚಿಂತೆಯಾದರೆ ಕೋಣೆಯ ಹೊರಗೆ ಚಾರ್ಜರ್ ಸಾಲು ಹಾಕಿ, ಗಂಟೆ ಸದ್ದು ಕೇಳಿಸುವಂತಿರಲಿ. ನಿಯಮ ಬದಲಾಗದಿದ್ದರೆ ನಿಮ್ಮ ತುರ್ತು ನಂಬರ್ ಪ್ರತಿ ಮನೆಗೂ ಮುಟ್ಟಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಮೊಹರುಗಾರ:

ಸ್ಯಾನ್ ಡಿಯಾಗೋ ಬೇಡ. ಹೋಗುವಾಗ ಏನಿಲ್ಲ, ಹಿಂತಿರುಗುವಾಗ ಐ-5 ಹೆದ್ದಾರಿಯಲ್ಲಿ ಸ್ಯಾನ್ ಕ್ಲೆಮೆಂಟೆ ಬಳಿ ಉತ್ತರಕ್ಕೆ ಬರುವ ಬದಿಯಲ್ಲಿ ಗಡಿ ಪೊಲೀಸರ ತಪಾಸಣಾ ಠಾಣೆ ಇದೆ. ಒಳನಾಡಿನ ಐ-15ರಲ್ಲಿ ಟೆಮೆಕ್ಯುಲಾ ಬಳಿ ಇನ್ನೊಂದು. ಬಸ್ಸಿನಲ್ಲಿ ಯಾರ ವಲಸೆ ಸ್ಥಿತಿ ಏನು ಅಂತ ನೀವು ಕೇಳಿಲ್ಲ, ಕೇಳುವಂತೆಯೂ ಇಲ್ಲ. ಹಾಗಿರುವಾಗ ಆ ದಾರಿಯನ್ನೇ ಬಿಡಬೇಕು. ಉತ್ತರದ ಕಡೆ ಯಾವುದಾದರೂ ಕ್ಯಾಂಪಸ್ಸು, ಅಕ್ವೇರಿಯಂ ನೋಡಲಿ. ಕ್ಯಾಂಪಸ್‌ಗೇ ವಲಸೆ ಅಧಿಕಾರಿಗಳು ಬಂದರೆ ನೀವು ಯಾವ ಹೆಸರನ್ನೂ ಹೇಳಬೇಡಿ, ಬಾಗಿಲನ್ನೂ ತೆರೆಯಬೇಡಿ, ವಿಶ್ವವಿದ್ಯಾಲಯ ಗೊತ್ತುಮಾಡಿದ ಕಚೇರಿಗೆ ಫೋನ್ ಮಾಡಿ. ಹಾಸ್ಟೆಲ್ ಕೋಣೆಯಂಥ ಖಾಸಗಿ ಜಾಗಕ್ಕೆ ನ್ಯಾಯಾಧೀಶರ ಸಹಿಯ ವಾರಂಟ್ ಬೇಕು, ಇಲಾಖೆಯವರೇ ಸಹಿ ಮಾಡಿಕೊಂಡ ಕಾಗದ ಸಾಲದು. ಆ ಕಾಗದ ಯಾವುದು ಅಂತ ನಿರ್ಧರಿಸುವುದು ನಿಮ್ಮ ಕೆಲಸ ಅಲ್ಲ. ನಿಮ್ಮ ಪಾಸ್‌ಪೋರ್ಟ್, ಐ-20 (ವಿದ್ಯಾರ್ಥಿ ದಾಖಲೆ), ಐ-94 (ದೇಶ ಪ್ರವೇಶದ ದಾಖಲೆ) ಪ್ರತಿಗಳು ಜೊತೆಗಿರಲಿ.

ಅಂಕಪಟ್ಟಿ:

ಬರವಣಿಗೆ: ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಸಂಶೋಧಕಿ ಕ್ರಿಸ್ ಗುಟಿಯೆರೆಸ್ ನಡೆಸಿದ ಇಂಥದೇ ಶಿಬಿರದಲ್ಲಿ ಮಕ್ಕಳ ಸ್ವಂತ ಬದುಕಿನ ಬರಹವನ್ನು ಇತಿಹಾಸ, ಸಮಾಜದ ಓದಿನ ಜೊತೆ ಸೇರಿಸಿ ಕಲಿಸಿದರು. ಈಗ ಅನೇಕರು ಹಿಡಿದಿರುವ ದಾರಿ ಅದು. ಆದರೆ ಓದನ್ನು ಬಿಟ್ಟು ಬರೀ ಅಳುವ ಕಥೆ ಬರೆಸುವ ಕಡೆಯೂ ಜಾರುತ್ತಾರೆ. ಯುಸಿ ಅರ್ಜಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ, ಒಂದೊಂದಕ್ಕೂ 350 ಪದದ ಮಿತಿ. ನಾಲ್ಕರಲ್ಲೂ ಹೊಲದ ಕಷ್ಟವನ್ನೇ ಬರೆದರೆ ಓದುವವರಿಗೆ ಹುಡುಗ ಏನು ಮಾಡಬಲ್ಲ ಅಂತ ತಿಳಿಯುವುದಿಲ್ಲ. ಒಂದು ಸಾಕು. ಉಳಿದ ಮೂರರಲ್ಲಿ ಟ್ರಾಕ್ಟರ್ ರಿಪೇರಿ, ತಂಗಿಯ ಲೆಕ್ಕ ಹೇಳಿಕೊಡುವುದು, ಚರ್ಚಿನ ಬ್ಯಾಂಡು, ಏನೇ ಇರಲಿ, ಅವನು ಮಾಡಿದ ಕೆಲಸ ಬರಲಿ. ಮನೆಯವರ ವಲಸೆ ಸ್ಥಿತಿ ಕರಡಿನಲ್ಲಿ ಬಂದರೆ ಅದನ್ನು ಎಲ್ಲರೂ ತೆರೆಯಬಹುದಾದ ಹಂಚಿಕೆಯ ಫೋಲ್ಡರಿಗೆ ಹಾಕಬೇಡಿ, ಶಿಬಿರದ ಸ್ಮರಣ ಸಂಚಿಕೆಗಂತೂ ಕೊಡಲೇಬೇಡಿ. ಶಿಬಿರದ ಮಿಂಚಂಚೆ ಖಾತೆ ಆಗಸ್ಟ್‌ಗೆ ಮುಚ್ಚಿಹೋಗುತ್ತದೆ, ಕರಡುಗಳನ್ನು ಪ್ರತಿಯೊಬ್ಬರ ಸ್ವಂತ ಖಾತೆಗೆ ಕೊನೆಯ ಗುರುವಾರದೊಳಗೆ ಕಳಿಸಿಸಿ. ಶುಕ್ರವಾರ ಬೆಳಿಗ್ಗೆ ಎಲ್ಲರೂ ಬ್ಯಾಗ್ ತುಂಬುತ್ತಿರುತ್ತಾರೆ, ಆಗ ಯಾರ ಪಾಸ್‌ವರ್ಡೂ ನೆನಪಿಗೆ ಬರುವುದಿಲ್ಲ.